ಸ್ಪೀಡ್‌ವೇ ಅಭಿಮಾನಿಗಳಿಗೆ ಇಷ್ಟು ಸಿಟ್ಟು ಯಾಕೆ? ಚಿಕ್ಕಮಗಳೂರಿನ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಲೂರು ರಸ್ತೆಯ ಒಂದು ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ನಾವು ಏಳೆಂಟು ಜನ ಶನಿವಾರ ರಾತ್ರಿ ಸೇರಿ ಸ್ಪೀಡ್‌ವೇ ಬೈಕ್ ರೇಸ್ ನೋಡುತ್ತೇವೆ. ಹೊಸಬರು ಬಂದಾಗಲೆಲ್ಲ ಅದೇ ಪ್ರಶ್ನೆಗಳು. ಅರ್ಧ ಪ್ರಶ್ನೆ ಆಟದ ಬಗ್ಗೆ, ಇನ್ನರ್ಧ ನಮ್ಮ ಸಿಟ್ಟಿನ ಬಗ್ಗೆ. "ಇಷ್ಟು ಬೈಯೋರು ಯಾಕೆ ನೋಡ್ತೀರಿ?" ಅಂತ ಒಬ್ಬರು ಕೇಳಿದ ದಿನವೇ ಇದನ್ನು ಬರೆದಿಡಬೇಕು ಅನ್ನಿಸಿತು.

ಸ್ಪೀಡ್‌ವೇ ಅಂದ್ರೆ ನಮ್ಮೂರ ರ‍್ಯಾಲಿ ತರಹದ್ದೇ ಅಲ್ವಾ?

ಅಲ್ಲ. ರ‍್ಯಾಲಿ ನಮಗೆಲ್ಲ ಗೊತ್ತು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಭಾರತದ ಸುತ್ತು ನಮ್ಮ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲೇ ನಡೆದಿದೆ. ಗೌರವ್ ಗಿಲ್ ಕಾರು ಸಿಲ್ವರ್ ಮರಗಳ ನಡುವೆ ಹಾದು ಹೋಗುವುದನ್ನು ನೋಡಲು ಬೆಳಗಿನ ಜಾವಕ್ಕೇ ಎದ್ದು ಹೋಗಿ ನಿಂತವರು ನಮ್ಮಲ್ಲೇ ಇದ್ದಾರೆ. ಅಲ್ಲಿ ಕಾರುಗಳು ಒಂದೊಂದಾಗಿ ಹೊರಡುತ್ತವೆ. ಪೈಪೋಟಿ ಗಡಿಯಾರದ ಜೊತೆ.

ಸ್ಪೀಡ್‌ವೇಯಲ್ಲಿ ನಾಲ್ಕು ಜನ ಒಟ್ಟಿಗೆ ಹೊರಡುತ್ತಾರೆ. ಮೊಟ್ಟೆ ಆಕಾರದ ಮಣ್ಣಿನ ಟ್ರ್ಯಾಕ್. ಅಂತರರಾಷ್ಟ್ರೀಯ ನಿಯಮದಲ್ಲಿ ಅದರ ಸುತ್ತಳತೆ 260ರಿಂದ 425 ಮೀಟರ್. ನಾಲ್ಕು ಸುತ್ತು, ಯಾವಾಗಲೂ ಎಡಕ್ಕೇ ತಿರುವು. ಸುಮಾರು ಒಂದು ನಿಮಿಷಕ್ಕೆ ಎಲ್ಲ ಮುಗಿಯುತ್ತದೆ. ಇದಕ್ಕೆ ಒಂದು ಹೀಟ್ ಅನ್ನುತ್ತಾರೆ. ಗೆದ್ದವನಿಗೆ 3 ಪಾಯಿಂಟ್, ನಂತರದವರಿಗೆ 2 ಮತ್ತು 1. ಕೊನೆಯವನಿಗೆ ಏನೂ ಇಲ್ಲ.

ಬ್ರೇಕೇ ಇಲ್ವಂತೆ, ನಿಜವಾ?

ನಿಜ. 500 ಸಿಸಿಯ ಒಂದೇ ಸಿಲಿಂಡರ್ ಎಂಜಿನ್, ಮೆಥನಾಲ್ ಇಂಧನ, ಒಂದೇ ಗೇರ್. ಬೈಕಿನ ಕನಿಷ್ಠ ತೂಕ 77 ಕಿಲೋ. ಎಡಗಾಲಿನ ಬೂಟಿಗೆ ಉಕ್ಕಿನ ತಳ ಕಟ್ಟಿಕೊಂಡಿರುತ್ತಾರೆ. ತಿರುವಿನಲ್ಲಿ ಆ ಕಾಲನ್ನು ನೆಲಕ್ಕೆ ತಾಗಿಸಿ, ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸಿ, ಮುಂದಿನ ಚಕ್ರವನ್ನು ಬಲಕ್ಕೆ ತಿರುಗಿಸಿ ಹಿಡಿಯುತ್ತಾರೆ. ಮುಂದಿನ ಚಕ್ರ ಬಲಕ್ಕೆ ನೋಡುತ್ತದೆ, ಬೈಕು ಎಡಕ್ಕೆ ಹೋಗುತ್ತದೆ. ಹಾಗೆ ಜಾರಿಸುವುದರಲ್ಲೇ ವೇಗ ಹಿಡಿತಕ್ಕೆ ಸಿಗುತ್ತದೆ.

ನಮ್ಮಪ್ಪನ ಜಾವಾಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಈ ಪ್ರಶ್ನೆ ಬಂದರೆ ನಮಗೆ ಖುಷಿ. ಜೆಕ್ ದೇಶದ ದಿವಿಶೋವ್ ಅನ್ನೋ ಊರಿನಲ್ಲಿ ಎಸೊ ಎಂಬ ಕಾರ್ಖಾನೆ ಸ್ಪೀಡ್‌ವೇ ಬೈಕು ಮಾಡುತ್ತಿತ್ತು. 1964ರಲ್ಲಿ ಅದು ಜಾವಾ ಜೊತೆ ಸೇರಿತು. ನ್ಯೂಜಿಲೆಂಡಿನ ಐವಾನ್ ಮಾಗರ್ ತನ್ನ 6 ವಿಶ್ವ ಪಟ್ಟಗಳಲ್ಲಿ ಹಲವನ್ನು ಜಾವಾ ಮೇಲೇ ಗೆದ್ದ. ಅದೇ ಕಾಲಕ್ಕೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಬೈಕುಗಳು ನಮ್ಮ ಘಾಟಿ ರಸ್ತೆಗಳಲ್ಲಿ ಓಡಾಡುತ್ತಿದ್ದವು. ಆ ಬೈಕು ಬೇರೆ, ಈ ಬೈಕು ಬೇರೆ. ಹೆಸರು ಮಾತ್ರ ಒಂದೇ ಮನೆಯದು. ಈಗ ಸ್ಪೀಡ್‌ವೇಯಲ್ಲಿ ಜಾಸ್ತಿ ಕಾಣುವುದು ಇಟಲಿಯ ಜಿಎಂ ಎಂಜಿನ್.

ಆಟ ಇಷ್ಟು ಚೆನ್ನಾಗಿದ್ದರೆ ಸಿಟ್ಟು ಯಾಕೆ?

ಆಟದ ಮೇಲೆ ಸಿಟ್ಟಿಲ್ಲ, ಅದನ್ನು ನಡೆಸುವ ರೀತಿಯ ಮೇಲೆ. ಎಲ್ಲಕ್ಕಿಂತ ಮೊದಲು ಮಣ್ಣಿನ ವಿಷಯ.

ಸ್ಪೀಡ್‌ವೇ ಅನ್ನೋದೇ ಮಣ್ಣಿನ ಆಟ. ಟ್ರ್ಯಾಕಿನ ಮೇಲ್ಪದರ ಸಡಿಲವಾಗಿರಬೇಕು, ಹದವಾಗಿ ಒದ್ದೆ ಇರಬೇಕು. ಹೊರ ಅಂಚಿನಲ್ಲಿ ಮಣ್ಣು ಸ್ವಲ್ಪ ಜಾಸ್ತಿ ಇದ್ದರೆ ಹಿಂದೆ ಬಿದ್ದವನು ಅಲ್ಲಿಗೆ ಹೋಗಿ ಹಿಡಿತ ಪಡೆದು ಮುಂದಿನವನನ್ನು ದಾಟಬಹುದು. ಮಣ್ಣೆಲ್ಲ ಹಾರಿಹೋಗಿ ನೆಲ ನುಣುಪಾದರೆ ಒಳಗಿನ ಒಂದೇ ದಾರಿ ಉಳಿಯುತ್ತದೆ. ಆಗ ಗೇಟಿನಿಂದ ಮೊದಲು ಹೊರಟವನೇ ಗೆದ್ದ. ಮೊದಲ ತಿರುವಿಗೆ ರೇಸ್ ಮುಗೀತು, ಉಳಿದ ಮೂರು ಮುಕ್ಕಾಲು ಸುತ್ತು ಸುಮ್ನೆ ಮೆರವಣಿಗೆ. ನೀರು ಜಾಸ್ತಿ ಹಾಕಿದರೆ ಇನ್ನೊಂದು ಕಷ್ಟ. ಚಕ್ರದ ಹಾದಿಯಲ್ಲಿ ಗುಂಡಿ ಬೀಳುತ್ತದೆ, ರೈಡರ್ ಬೀಳುತ್ತಾನೆ.

ನಮ್ಮ ತೋಟದಲ್ಲಿ ಕಾಫಿ ಗಿಡದ ಗುಂಡಿ ತೆಗೆಯುವ ಹಿರಿಯರೊಬ್ಬರು ಇದ್ದರು. ಮಣ್ಣನ್ನು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡುತ್ತಿದ್ದರು. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಡೆಯಬೇಕು. ಬೆರಳಿಗೆ ಅಂಟಿದರೆ "ಇವತ್ತು ಬೇಡ" ಅನ್ನುತ್ತಿದ್ದರು. ಪುಡಿಯಾಗಿ ಉದುರಿದರೂ ಅಷ್ಟೇ. ಸ್ಪೀಡ್‌ವೇ ಟ್ರ್ಯಾಕ್ ನೋಡಿಕೊಳ್ಳುವವರ ಕೆಲಸವೂ ಇದೇ. ಅದಕ್ಕೆ ವರ್ಷಗಟ್ಟಲೆ ಆ ಒಂದೇ ನೆಲದ ಜೊತೆ ಬದುಕಿದವರು ಬೇಕು. ದೊಡ್ಡ ಕ್ರೀಡಾಂಗಣದಲ್ಲಿ ಕೆಲವೇ ದಿನ ಮುಂಚೆ ಲಾರಿಯಲ್ಲಿ ಮಣ್ಣು ತಂದು ಸುರಿದು, ರೋಲರ್ ಹೊಡೆದು "ಟ್ರ್ಯಾಕ್ ಸಿದ್ಧ" ಅಂದರೆ ನಮಗೆ ಎದೆ ಧಸಕ್ ಅನ್ನುತ್ತದೆ.

ಅಂಥದ್ದು ನಿಜವಾಗಿ ನಡೆದಿದೆಯಾ?

2015ರ ಏಪ್ರಿಲ್ 18, ವಾರ್ಸಾ. ಪೋಲೆಂಡಿನ ರಾಷ್ಟ್ರೀಯ ಕ್ರೀಡಾಂಗಣ, 50 ಸಾವಿರಕ್ಕೂ ಜಾಸ್ತಿ ಜನ. ಪೋಲೆಂಡಿನವರ ಪ್ರೀತಿಯ ತೊಮಾಷ್ ಗೊಲ್ಲೊಬ್‌ಗೆ ಗ್ರಾಂಡ್ ಪ್ರಿಯಿಂದ, ಅಂದ್ರೆ ವಿಶ್ವ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ರೇಸ್ ಸರಣಿಯಿಂದ, ಬೀಳ್ಕೊಡುಗೆಯ ರಾತ್ರಿ. ಮೊದಲು ಸ್ಟಾರ್ಟಿಂಗ್ ಗೇಟ್ ಕೈಕೊಟ್ಟಿತು. ರೈಡರ್‌ಗಳ ಮುಂದೆ ಅಡ್ಡ ಕಟ್ಟಿದ ಟೇಪು ಸರಿಯಾಗಿ ಮೇಲೇಳಲಿಲ್ಲ. ಟ್ರ್ಯಾಕ್ ಗುಂಡಿ ಬಿತ್ತು. 12 ಹೀಟ್ ಆದ ಮೇಲೆ ನಿಲ್ಲಿಸಿಬಿಟ್ಟರು. ಆ ಹೊತ್ತಿಗೆ ಮುಂದಿದ್ದ ಸ್ಲೊವೇನಿಯಾದ ಮತೇಯ್ ಝಾಗರ್ ಗೆದ್ದ ಅಂತ ಘೋಷಿಸಿದರು. ಫೈನಲ್ ಇಲ್ಲ, ಸೆಮಿಫೈನಲ್ ಇಲ್ಲ. ಮಕ್ಕಳನ್ನು ಕರೆದುಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ಬಂದ ಜನ ಎದ್ದು ಮನೆಗೆ ಹೋದರು.

ಇನ್ನೊಂದು 2016ರದು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸ್ಪೀಡ್‌ವೇಗೇ ಅಂತ ಹೊಸ ಕ್ರೀಡಾಂಗಣ ಕಟ್ಟಿದರು. ಉದ್ಘಾಟನೆಯ ರಾತ್ರಿ ಜನ ತುಂಬಿ ಬಂದರು. ಟ್ರ್ಯಾಕ್ ರೇಸಿಗೆ ಯೋಗ್ಯ ಇಲ್ಲ ಅಂತ ಅಂದಿನ ರೇಸೇ ರದ್ದಾಯಿತು. ಕುರ್ಚಿ, ದೀಪ, ಕಟ್ಟಡ ಎಲ್ಲ ಇತ್ತು. ನೆಲ ಮಾತ್ರ ಸಿದ್ಧ ಇರಲಿಲ್ಲ. ಆಮೇಲೆ ಅದೇ ಟ್ರ್ಯಾಕನ್ನು ಸರಿ ಮಾಡಿದರು, ಈಗ ಅಲ್ಲಿ ಒಳ್ಳೆಯ ರೇಸ್ ನಡೆಯುತ್ತದೆ. ಮನಸ್ಸಿಟ್ಟರೆ ಆಗುತ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ರೈಡರ್‌ಗಳನ್ನು ಬೈಯುವವರಿಗೂ ಒಂದು ಮಾತು. ಇಂಥ ನೆಲದ ಮೇಲೆ ಓಡಿಸಲ್ಲ ಅಂತ ಹೇಳುವ ಹಕ್ಕು ಅವರಿಗಿದೆ. ಬ್ರೇಕಿಲ್ಲದ ಬೈಕಿನ ಮೇಲೆ ಕೂರುವವರು ಅವರು. ತಪ್ಪು ಅವರನ್ನು ಆ ಜಾಗಕ್ಕೆ ತಂದು ನಿಲ್ಲಿಸಿದವರದು.

ಮಳೆ ಬಂದರೆ ಯಾರು ಏನು ಮಾಡೋಕಾಗುತ್ತೆ?

ಮಲೆನಾಡಿನವರು ಕೇಳಬೇಕಾದ ಪ್ರಶ್ನೆಯಾ ಇದು? ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹರಡಿದಾಗ ಮೋಡ ಕಟ್ಟಿದರೆ ನಾವು ಏನು ಮಾಡುತ್ತೇವೆ? ಮನೆಯವರೆಲ್ಲ ಓಡಿ ಕಾಫಿ ಗುಡ್ಡೆ ಹಾಕುತ್ತೇವೆ, ಟಾರ್ಪಾಲ್ ಎಳೆಯುತ್ತೇವೆ, ಅಂಚಿಗೆ ಕಲ್ಲು ಇಡುತ್ತೇವೆ. ನಡುರಾತ್ರಿಯಾದರೂ ಸರಿ. ಮಳೆ ನಮ್ಮ ಕೈಯಲ್ಲಿಲ್ಲ, ಟಾರ್ಪಾಲ್ ನಮ್ಮ ಕೈಯಲ್ಲಿದೆ.

ಪೋಲೆಂಡಿನ ಅತಿ ಮೇಲ್ದರ್ಜೆಯ ಲೀಗಿನವರು ಇದನ್ನೇ ಮಾಡಿದರು. ಮಳೆ ಸೂಚನೆ ಇದ್ದರೆ ಇಡೀ ಟ್ರ್ಯಾಕಿಗೆ ಹೊದಿಕೆ ಹಾಸುತ್ತಾರೆ. ಬೇರೆ ಎಷ್ಟೋ ಕಡೆ ಇನ್ನೂ ಆಕಾಶ ನೋಡುತ್ತಾ ಕೂರುತ್ತಾರೆ. ರದ್ದು ಮಾಡುವುದಾದರೂ ಬೇಗ ಹೇಳಬೇಕು. ದೂರದೂರಿನಿಂದ ಜನ ಹೊರಟು, ಗಾಡಿ ನಿಲ್ಲಿಸಿ, ಟಿಕೆಟ್ ತೋರಿಸುವ ಹೊತ್ತಿಗೆ "ಇವತ್ತು ಇಲ್ಲ" ಅಂದರೆ ಮುಂದಿನ ಸಲ ಅವರು ಬರುತ್ತಾರಾ?

ರೇಸ್ ಒಂದು ನಿಮಿಷ, ಕಾಯುವುದು ಎಷ್ಟು ಹೊತ್ತು?

ಬ್ರಿಟನ್ನಿನ ಲೀಗ್ ಪಂದ್ಯದಲ್ಲಿ 15 ಹೀಟ್. ಲೆಕ್ಕ ಹಾಕಿ, ಒಟ್ಟು ಕಾಲು ಗಂಟೆ ರೇಸ್. ಸಂಜೆ ಮಾತ್ರ ಎರಡು ಗಂಟೆ ದಾಟುತ್ತದೆ. ನಡುವೆ ಟ್ರ್ಯಾಕ್ಟರ್ ಬಂದು ಮಣ್ಣು ಎಳೆಯಬೇಕು, ನೀರು ಹಾಕಬೇಕು. ಅದಕ್ಕೆ ನಮ್ಮ ತಕರಾರಿಲ್ಲ, ಮೇಲೆ ಹೇಳಿದ ಹಾಗೆ ಅದು ಬೇಕೇ ಬೇಕು. ತಕರಾರು ಸುಮ್ನೆ ನಿಂತಿರುವುದಕ್ಕೆ. ಗೇಟಿಗೆ ಬರಲು 2 ನಿಮಿಷ ಅಂತ ನಿಯಮ ಇದೆ. ಬಂದ ಮೇಲೆ ಬೂಟಿನಿಂದ ನೆಲ ಕೆದಕುವುದು, ಮತ್ತೆ ಹಿಂದೆ ಹೋಗುವುದು, ಒಬ್ಬ ಅಲುಗಾಡಿದ ಅಂತ ಎಚ್ಚರಿಕೆ ಕೊಟ್ಟು ಮತ್ತೆ ಮೊದಲಿಂದ ಶುರು. ಕಂಬಳದಲ್ಲಿ ಕೋಣ ಬಿಡುವ ಹೊತ್ತಿಗೆ ಎಷ್ಟು ತಡ ಆಗುತ್ತದೆ ಅಂತ ಮೂಡಿಗೆರೆ ಕಡೆಯಿಂದ ಘಾಟಿ ಇಳಿದು ಹೋಗಿ ನೋಡಿದವರಿಗೆ ಗೊತ್ತು. ಹಾಗೇ ಇದು.

ಕಾಯುವ ಹೊತ್ತಿನಲ್ಲಿ ಏನಾಗುತ್ತಿದೆ ಅಂತ ಮೈಕಿನಲ್ಲಿ ಹೇಳಿದರೂ ಅರ್ಧ ಸಿಟ್ಟು ಇಳಿಯುತ್ತದೆ. ಎಷ್ಟೋ ಸಲ ಅದೂ ಇಲ್ಲ.

ಪಾಯಿಂಟ್ ಲೆಕ್ಕದ ಜಗಳ ಏನದು?

ಗ್ರಾಂಡ್ ಪ್ರಿ ರಾತ್ರಿಯಲ್ಲಿ 16 ಜನ, 20 ಹೀಟ್. ಪ್ರತಿಯೊಬ್ಬನೂ ಐದು ಸಲ ಓಡಿಸುತ್ತಾನೆ, ಎಲ್ಲರನ್ನೂ ಒಮ್ಮೆ ಎದುರಿಸುತ್ತಾನೆ. ಎಷ್ಟು ಚೆಂದದ ಲೆಕ್ಕ ನೋಡಿ. ಐದೂ ಗೆದ್ದರೆ 15 ಪಾಯಿಂಟ್. ಆಮೇಲೆ ಮುಂದಿದ್ದವರಿಗೆ ಕೊನೆಯ ಸುತ್ತುಗಳು.

ಮುಂಚೆ ಹೀಟ್‌ನಲ್ಲಿ ಗಳಿಸಿದ ಪಾಯಿಂಟೇ ವರ್ಷದ ಲೆಕ್ಕಕ್ಕೆ ಸೇರುತ್ತಿತ್ತು. ಒಂದು ಹೀಟ್‌ನಲ್ಲಿ ಮೂರನೆಯವನು ಎರಡನೆಯವನನ್ನು ದಾಟಿದರೆ ಆ ಒಂದು ಪಾಯಿಂಟಿಗೆ ವರ್ಷವಿಡೀ ಬೆಲೆ. 2020ರಿಂದ ಅದನ್ನು ಬದಲಾಯಿಸಿದರು. ಆ ರಾತ್ರಿಯ ಸ್ಥಾನ ನೋಡಿ 20, 18, 16, 14, 12 ಅಂತ ಕೊಡಲು ಶುರು ಮಾಡಿದರು. ಇದರಿಂದ ಏನಾಯಿತು? ಐದಕ್ಕೆ ಐದು ಗೆದ್ದವನು ಸೆಮಿಫೈನಲ್ಲಿನಲ್ಲಿ ಒಂದು ತಪ್ಪು ಮಾಡಿದರೆ ಐದನೇ ಸ್ಥಾನದ 12 ಸಿಗುತ್ತಿತ್ತು. ಎಂಟು ಪಾಯಿಂಟಿನಲ್ಲಿ ಹೇಗೋ ಒಳಗೆ ಬಂದವನು ಫೈನಲ್ ಗೆದ್ದರೆ 20 ಪಡೆಯುತ್ತಿದ್ದ. ಟಿವಿಗೆ ಕೊನೆಯ ರೇಸ್ ರೋಚಕವಾಗಿರಬೇಕು ಅನ್ನೋದು ಅರ್ಥವಾಗುತ್ತದೆ. ಹಾಗಂತ ಮೊದಲ 20 ಹೀಟ್‌ಗಳ ಬೆಲೆ ಇಳಿಸಬೇಕಿತ್ತಾ?

2025ರಲ್ಲಿ ಆಸ್ಟ್ರೇಲಿಯಾದ ಬ್ರಾಡಿ ಕರ್ಟ್ಜ್ ಕೊನೆಯ ಐದು ಗ್ರಾಂಡ್ ಪ್ರಿಗಳನ್ನು ಸಾಲಾಗಿ ಗೆದ್ದ. ಆದರೂ ಒಂದೇ ಪಾಯಿಂಟಿನಿಂದ ಪೋಲೆಂಡಿನ ಬಾರ್ತೋಷ್ ಜ್ಮಾರ್ಜ್‌ಲಿಕ್‌ಗೆ ಪಟ್ಟ ಹೋಯಿತು. ಜ್ಮಾರ್ಜ್‌ಲಿಕ್ ಇಡೀ ವರ್ಷ ಎಡವದೆ ಓಡಿಸಿದ, ಅವನ ಗೆಲುವನ್ನು ನಾವು ಕಡಿಮೆ ಮಾಡುವುದಿಲ್ಲ. ಆದರೆ ಆ ರಾತ್ರಿ ನಮ್ಮ ಕೋಣೆಯಲ್ಲಿ ಎರಡು ಗುಂಪಾಗಿ, ನಸುಕಿನ ಎರಡು ಗಂಟೆಯವರೆಗೆ ಹಾಳೆಯ ಮೇಲೆ ಹಳೇ ಲೆಕ್ಕ, ಹೊಸ ಲೆಕ್ಕ ಹಾಕಿ ನೋಡಿದೆವು.

ಹಿರಿಯ ಅಭಿಮಾನಿಗಳಲ್ಲಿ ಇನ್ನೊಂದು ಗುಂಪಿದೆ. ಅವರಿಗೆ ಗ್ರಾಂಡ್ ಪ್ರಿ ಸರಣಿಯೇ ಬೇಡ. 1936ರಿಂದ 1994ರವರೆಗೆ ವಿಶ್ವ ಚಾಂಪಿಯನ್ ಯಾರು ಅನ್ನೋದು ಹೆಚ್ಚಾಗಿ ಒಂದೇ ರಾತ್ರಿಯ ಫೈನಲ್‌ನಲ್ಲಿ ತೀರ್ಮಾನವಾಗುತ್ತಿತ್ತು. 1981ರಲ್ಲಿ ವೆಂಬ್ಲಿಗೆ 90 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು. ನನಗೆ ಸರಣಿಯೇ ನ್ಯಾಯ ಅನ್ನಿಸುತ್ತದೆ, ಒಂದು ರಾತ್ರಿ ಎಂಜಿನ್ ಕೆಟ್ಟರೆ ವರ್ಷವೇ ಹಾಳು. ಆದರೆ ಆ ಹಳೇ ರಾತ್ರಿಗಳ ಬಗ್ಗೆ ಅವರು ಮಾತಾಡುವಾಗ ಎದುರು ವಾದ ಮಾಡಲು ಮನಸ್ಸು ಬರುವುದಿಲ್ಲ.

ಬಟ್ಟೆ ಸರಿ ಇಲ್ಲ ಅಂತ ಚಾಂಪಿಯನ್ನನ್ನು ಹೊರಗೆ ಹಾಕಿದ್ದು ನಿಜವಾ?

ನಿಜ. 2023ರ ಸೆಪ್ಟೆಂಬರ್, ಡೆನ್ಮಾರ್ಕಿನ ವೋಯೆನ್ಸ್. ಜ್ಮಾರ್ಜ್‌ಲಿಕ್ ಅರ್ಹತಾ ಸುತ್ತಿನಲ್ಲಿ ನಿಯಮದ ಪ್ರಕಾರದ್ದಲ್ಲದ ರೇಸ್ ಸೂಟ್ ಹಾಕಿಕೊಂಡು ಓಡಿಸಿದ. ಇಡೀ ಗ್ರಾಂಡ್ ಪ್ರಿಯಿಂದಲೇ ಅವನನ್ನು ಕೈಬಿಟ್ಟರು. ಆ ಸೂಟಿನಿಂದ ಬೈಕಿಗೆ ಒಂದು ಚೂರೂ ವೇಗ ಬರುವುದಿಲ್ಲ. ಟಿಕೆಟ್ ಕೊಂಡ ಜನಕ್ಕೆ ಮಾತ್ರ ಜಗತ್ತಿನ ಅತ್ಯುತ್ತಮ ರೈಡರ್ ಓಡಿಸುವುದನ್ನು ನೋಡುವ ಭಾಗ್ಯ ತಪ್ಪಿತು. ದಂಡ ಹಾಕಲಿ, ಎಚ್ಚರಿಕೆ ಕೊಡಲಿ, ಯಾರು ಬೇಡ ಅಂತಾರೆ? ಎರಡು ವಾರದ ನಂತರ ಪೋಲೆಂಡಿನ ತೊರೂನ್‌ನಲ್ಲಿ ಅವನು ಪಟ್ಟ ಗೆದ್ದೇ ಬಿಟ್ಟ. ಗೆಲ್ಲದೇ ಹೋಗಿದ್ದರೆ 2023ರ ಪಟ್ಟವನ್ನು ಒಂದು ಬಟ್ಟೆ ತೀರ್ಮಾನ ಮಾಡಿದ ಹಾಗಾಗುತ್ತಿತ್ತು.

2021ರ ಚಾಂಪಿಯನ್ ಮುಂದಿನ ವರ್ಷ ಯಾಕೆ ಕಾಣಲಿಲ್ಲ?

ಆರ್ತ್ಯೋಮ್ ಲಗುಟಾ ರಷ್ಯಾದವನು. ಯುಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಮಾರ್ಚ್‌ನಲ್ಲಿ ರಷ್ಯಾ ಮತ್ತು ಬೆಲಾರೂಸ್ ರೈಡರ್‌ಗಳನ್ನು ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ತಡೆಯಿತು. ತನ್ನ ಪಟ್ಟ ಕಾಪಾಡಿಕೊಳ್ಳುವ ಅವಕಾಶ ಅವನಿಗೆ ಸಿಗಲಿಲ್ಲ. 2023ರಲ್ಲಿ ಪೋಲೆಂಡಿನ ಲೀಗಿಗೆ ಅಲ್ಲಿನ ಲೈಸೆನ್ಸ್ ಮೇಲೆ ಮರಳಿದ. ಈ ವಿಷಯದಲ್ಲಿ ನಮ್ಮೊಳಗೇ ಒಮ್ಮತ ಇಲ್ಲ, ಅದಕ್ಕೇ ಜಾಸ್ತಿ ಬರೆಯುವುದಿಲ್ಲ.

ಬ್ರಿಟನ್ ಲೀಗಿನಲ್ಲಿ 'ಗೆಸ್ಟ್' ಅಂದ್ರೆ ಯಾರು?

ಬೇರೆ ತಂಡದಿಂದ ಒಂದು ರಾತ್ರಿಗೆ ಸಾಲ ತಂದ ರೈಡರ್. ನಮ್ಮ ತಂಡದವನಿಗೆ ಗಾಯವಾದರೆ, ಅವನಷ್ಟೇ ಅಥವಾ ಅವನಿಗಿಂತ ಕಡಿಮೆ ಪಾಯಿಂಟ್ ಸರಾಸರಿ ಇರುವ ಬೇರೆ ತಂಡದವನನ್ನು ಕರೆಸಬಹುದು. ನಿನ್ನೆ ನಮ್ಮನ್ನು ಸೋಲಿಸಿದವನು ಇವತ್ತು ನಮ್ಮ ಅಂಗಿ ಹಾಕಿಕೊಂಡು ಬರುತ್ತಾನೆ. ಚಿಕ್ಕಮಗಳೂರು ಕಬಡ್ಡಿ ತಂಡಕ್ಕೆ ಫೈನಲ್ ದಿನ ಹಾಸನ ತಂಡದ ರೇಡರ್ ಬಂದು ಆಡಿದರೆ ಬೇಲೂರಿನ ಜನ ಯಾರಿಗೆ ಕೂಗಬೇಕು?

ಕಾರಣ ಇಲ್ಲದೆ ಈ ನಿಯಮ ಬಂದಿಲ್ಲ, ಅದನ್ನೂ ಹೇಳಬೇಕು. ಒಬ್ಬನೇ ರೈಡರ್ ಮೂರ್ನಾಲ್ಕು ದೇಶದಲ್ಲಿ ಓಡಿಸುತ್ತಾನೆ. ಸೋಮವಾರ ಇಂಗ್ಲೆಂಡ್, ಮಂಗಳವಾರ ಸ್ವೀಡನ್, ಬುಧವಾರ ಡೆನ್ಮಾರ್ಕ್, ಶುಕ್ರವಾರ ಮತ್ತು ಭಾನುವಾರ ಪೋಲೆಂಡ್, ಶನಿವಾರ ಗ್ರಾಂಡ್ ಪ್ರಿ. ವ್ಯಾನಿನಲ್ಲಿ ಮೆಕ್ಯಾನಿಕ್ ರಾತ್ರಿಯಿಡೀ ಬೈಕು ಹೇರಿಕೊಂಡು ಓಡುತ್ತಾನೆ. ಒಂದು ಕಡೆ ಬಿದ್ದು ಗಾಯವಾದರೆ ಅಷ್ಟೂ ತಂಡಕ್ಕೆ ಏಟು. ಗೆಸ್ಟ್ ಇಲ್ಲದಿದ್ದರೆ ಪಂದ್ಯವೇ ನಡೆಯುವುದಿಲ್ಲ.

ನಮಗೆ ಇನ್ನೂ ಜಾಸ್ತಿ ನೋವು ಕೊಡುವುದು ಸರಾಸರಿ ಮಿತಿಯ ನಿಯಮ. ಪ್ರತಿ ವರ್ಷ ತಂಡದ ರೈಡರ್‌ಗಳ ಸರಾಸರಿ ಒಟ್ಟು ಇಷ್ಟನ್ನು ಮೀರಬಾರದು ಅಂತ ಗೆರೆ ಎಳೆಯುತ್ತಾರೆ. ತಂಡ ಗೆದ್ದರೆ ಎಲ್ಲರ ಸರಾಸರಿ ಏರುತ್ತದೆ. ಏರಿದರೆ ಗೆರೆ ದಾಟುತ್ತದೆ. ದಾಟಿದರೆ ಯಾರನ್ನಾದರೂ ಬಿಡಬೇಕು. ಚಿಕ್ಕ ಹುಡುಗನಾಗಿ ಬಂದು, ಬಿದ್ದು, ಎದ್ದು, ಮೂರು ವರ್ಷದಲ್ಲಿ ಪಳಗಿದವನನ್ನು ಪಳಗಿದ ಕಾರಣಕ್ಕೇ ಕಳಿಸಬೇಕು. ಸಿರಿವಂತ ತಂಡ ಎಲ್ಲರನ್ನೂ ಕೊಂಡುಕೊಳ್ಳಬಾರದು ಅನ್ನೋ ಉದ್ದೇಶ ಒಳ್ಳೆಯದೇ. ತಾನೇ ಬೆಳೆಸಿದ ರೈಡರನ್ನು ಉಳಿಸಿಕೊಳ್ಳುವ ತಂಡಕ್ಕೆ ಇನ್ನೂ ದೊಡ್ಡ ರಿಯಾಯಿತಿ ಕೊಟ್ಟರೆ ಏನು ಹೋಗುತ್ತದೆ?

ಟ್ರ್ಯಾಕ್‌ಗಳು ಮುಚ್ಚುತ್ತಿವೆಯಂತೆ?

ಬ್ರಿಟನ್ನಿನಲ್ಲಿ ಸಾಲಾಗಿ. ಕವೆಂಟ್ರಿ ತಂಡದ ಬ್ರಾಂಡನ್ ಕ್ರೀಡಾಂಗಣದಲ್ಲಿ 1928ರಲ್ಲಿ ಶುರುವಾದ ರೇಸ್ 2016ಕ್ಕೆ ನಿಂತಿತು. ಸ್ವಿಂಡನ್‌ನಲ್ಲಿ 2019 ಕೊನೆ. ಪೀಟರ್‌ಬರೋ, ವುಲ್ವರ್‌ಹ್ಯಾಂಪ್ಟನ್ ಎರಡಕ್ಕೂ 2023 ಕೊನೆಯ ವರ್ಷ. ಎಷ್ಟೋ ತಂಡಗಳಿಗೆ ಸ್ವಂತ ಜಾಗ ಇಲ್ಲ. ನಾಯಿ ರೇಸಿನ ಅಂಗಳದಲ್ಲಿ ಬಾಡಿಗೆಗೆ ಇರುತ್ತಾರೆ. ಜಾಗದ ಮಾಲೀಕ ಮನೆ ಕಟ್ಟಿಸುತ್ತೇನೆ ಅಂದರೆ ಅಭಿಮಾನಿ ಎಲ್ಲಿಗೆ ಹೋಗಬೇಕು? ಪಕ್ಕದಲ್ಲಿ ಸೈಟ್ ಬಂದ ಮೇಲೆ ಆಟದ ಮೈದಾನ ಹೋಗುವುದನ್ನು ನಾವೂ ನೋಡಿದ್ದೇವೆ.

ಆಕ್ಸ್‌ಫರ್ಡ್‌ನಲ್ಲಿ ಮಾತ್ರ 2007ರಲ್ಲಿ ನಿಂತದ್ದು 2022ರಲ್ಲಿ ಮತ್ತೆ ಶುರುವಾಯಿತು. ಆ ಸುದ್ದಿ ಬಂದ ದಿನ ಇಲ್ಲಿ ನಾವು ಸಿಹಿ ಹಂಚಿದೆವು.

ನಮ್ಮಲ್ಲಿ ಸ್ಪೀಡ್‌ವೇ ಯಾಕಿಲ್ಲ?

ಭಾರತದಲ್ಲಿ ಸ್ಪೀಡ್‌ವೇ ಲೀಗ್ ಇಲ್ಲ. ಮೋಟೊಕ್ರಾಸ್, ಸೂಪರ್‌ಕ್ರಾಸ್, ರ‍್ಯಾಲಿ ಇವೆ. 2024ರಲ್ಲಿ ಸೂಪರ್‌ಕ್ರಾಸ್ ಲೀಗ್ ಬೆಂಗಳೂರಿಗೂ ಬಂದಿತ್ತು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಮಣ್ಣಿನ ಮೇಲೆ ಬೈಕು ಓಡಿಸುವವರು ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಇದ್ದಾರೆ. 300 ಮೀಟರ್ ಸುತ್ತಳತೆಯ ಅಂಗಳಕ್ಕೆ ದೊಡ್ಡ ಜಾಗವೂ ಬೇಡ.

ಆದರೆ ಆಸೆಯ ಜೊತೆ ಭಯವೂ ಇದೆ. ಕೆಲವು ವರ್ಷದ ಹಿಂದೆ ನಮ್ಮ ಜಿಲ್ಲೆಯಲ್ಲೇ ಒಂದು ಮಣ್ಣಿನ ಬೈಕ್ ರೇಸಿಗೆ ಹೋಗಿದ್ದೆ. ಬೆಳಗ್ಗೆ ಹತ್ತಕ್ಕೆ ಅಂದಿದ್ದು ಶುರುವಾಗಿದ್ದು ಮಧ್ಯಾಹ್ನ ಎರಡಕ್ಕೆ. ನೀರಿನ ಟ್ಯಾಂಕರ್ ಬರಲೇ ಇಲ್ಲ. ಮೊದಲ ಸುತ್ತಿಗೇ ಕೆಂಪು ಧೂಳು ಎದ್ದು, ಹಗ್ಗದ ಪಕ್ಕ ನಿಂತಿದ್ದ ಮಕ್ಕಳಿಗೆ ಏನೂ ಕಾಣಲಿಲ್ಲ. ನನ್ನ ಅಕ್ಕನ ಮಗ ಕಣ್ಣುಜ್ಜುತ್ತಾ "ಮಾವ, ಬೈಕ್ ಎಲ್ಲಿ?" ಅಂತ ಕೇಳಿದ. ಓಡಿಸುತ್ತಿದ್ದ ಹುಡುಗರು ಜೀವ ಒತ್ತೆಯಿಟ್ಟು ಓಡಿಸುತ್ತಿದ್ದರು. ಅವರನ್ನು ನೋಡಲು ಬಂದವನಿಗೆ ಅವರು ಕಾಣಲಿಲ್ಲ. ಅವನು ಮತ್ತೆ ರೇಸಿಗೆ ಬರುತ್ತೇನೆ ಅಂದಿಲ್ಲ. ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಇಲ್ಲಿಂದ ಕೂತು ಬೈದರೆ ಅಲ್ಲಿಯವರಿಗೆ ಕೇಳುತ್ತಾ?

ನಾವೂ ದುಡ್ಡು ಕೊಟ್ಟೇ ನೋಡುತ್ತೇವೆ. ನೋಡುವ ಸೇವೆಗೆ ಚಂದಾ ಕಟ್ಟುತ್ತೇವೆ, ಫೈನಲ್ ಹೊತ್ತಿಗೆ ಚಿತ್ರ ನಿಂತರೆ ದೂರು ಬರೆಯುತ್ತೇವೆ. ಉತ್ತರ ಬಂದದ್ದು ಒಂದೇ ಸಲ. ಬರೆಯುವುದನ್ನು ಬಿಟ್ಟಿಲ್ಲ.

ನಾನೂ ಬಂದು ನೋಡಬಹುದಾ?

ಬನ್ನಿ. ಯೂರೋಪಿನ ಸಂಜೆ ಏಳು ಅಂದ್ರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ರಾತ್ರಿ ಹತ್ತೂವರೆ. ಇಂಗ್ಲೆಂಡಿನ ಏಳೂವರೆಯ ಪಂದ್ಯ ನಮಗೆ ಸರಿಯಾಗಿ ನಡುರಾತ್ರಿ. ಜುಲೈ ಮಳೆಯಲ್ಲಿ ಕರೆಂಟ್ ಹೋಗುತ್ತದೆ, ಅದಕ್ಕೆ ಬ್ಯಾಟರಿ ಇಟ್ಟಿದ್ದೇವೆ. ಸ್ವೆಟರ್ ಹಾಕಿಕೊಂಡು ಬನ್ನಿ. ಫ್ಲಾಸ್ಕಿನಲ್ಲಿ ಕಾಫಿ ಇರುತ್ತದೆ.

ಮೊದಲ ನಾಲ್ಕು ಹೀಟ್ ಸುಮ್ನೆ ನೋಡಿ. ಆಮೇಲೆ ಟ್ರ್ಯಾಕ್ಟರ್ ಬರುತ್ತದೆ. ಆಗ ಎದ್ದು ಹೋಗಬೇಡಿ. ಒಳಗಿನ ಅಂಚಿಗೆ ಮಣ್ಣು ಎಳೆಯುತ್ತಾರಾ, ಹೊರಗೇ ಬಿಡುತ್ತಾರಾ ಅಂತ ನೋಡಿ. ಹೊರಗೆ ಒಂದು ಕಪ್ಪು ಒದ್ದೆ ಪಟ್ಟಿ ಉಳಿದಿದ್ದರೆ, ಐದನೇ ಹೀಟ್‌ನಲ್ಲಿ ಮೂರನೆಯವನ ಮೇಲೆ ಕಣ್ಣಿಡಿ.